ವರ್ಚುವಲ್ ಮಿಂಚಂಚೆ ಡೊಮೇನ್

ವರ್ಚುವಲ್ ಮಿಂಚಂಚೆ ಡೊಮೇನ್ ಎಂದರೆ ಒಂದು ಮಿಂಚಂಚೆ ಸರ್ವರ್ ತನ್ನ ಸ್ವಂತ ಹೆಸರಿಗಿಂತ ಬೇರೆಯಾದ ಇನ್ನೊಂದು ಹೆಸರಿನ ಪರವಾಗಿ ಪತ್ರಗಳನ್ನು ಸ್ವೀಕರಿಸುವಾಗ, ಆ ಇನ್ನೊಂದು ಹೆಸರು. ಈ ವ್ಯವಸ್ಥೆಯಲ್ಲಿ ಒಂದೇ ಯಂತ್ರವು ಹತ್ತಾರು ಸಂಸ್ಥೆಗಳ ಪತ್ರವ್ಯವಹಾರವನ್ನು ನಿರ್ವಹಿಸಬಹುದು. ಪ್ರತಿ ಸಂಸ್ಥೆಯ ವಿಳಾಸವೂ ಅದರದೇ ಹೆಸರಿನಲ್ಲಿ ಇರುತ್ತದೆ. ಒಂದು ಹೋಬಳಿಯ ಅಂಚೆ ಕಚೇರಿ ಹಲವು ಹಳ್ಳಿಗಳ ಪತ್ರಗಳನ್ನು ಪಡೆದು, ವಿಂಗಡಿಸಿ, ಹಂಚುವ ರೀತಿಯನ್ನು ಇದು ಹೋಲುತ್ತದೆ. ಪತ್ರದ ಮೇಲೆ ಊರಿನ ಹೆಸರಿರುತ್ತದೆಯೇ ಹೊರತು ಅದನ್ನು ವಿಂಗಡಿಸಿದ ಕಟ್ಟಡದ ಹೆಸರಲ್ಲ.

ಈ ವ್ಯವಸ್ಥೆಯ ಮುಖ್ಯ ತತ್ತ್ವವೆಂದರೆ ವಿಳಾಸವನ್ನು ಯಂತ್ರದಿಂದ ಬೇರ್ಪಡಿಸುವುದು. ಡೊಮೇನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ವಿಳಾಸದ ಹಿಡಿತ ಅವರದು. ಸರ್ವರ್ ಹಳೆಯದಾದರೂ ಸೇವೆ ಒದಗಿಸುವವರು ಬದಲಾದರೂ ವಿಳಾಸ ಹಾಗೆಯೇ ಉಳಿಯಬಲ್ಲದು. ಶಾಲೆ, ಸಹಕಾರ ಸಂಘ, ಗ್ರಂಥಾಲಯ ಮೊದಲಾದ ಸಣ್ಣ ಸಂಸ್ಥೆಗಳಿಗೆ ಈ ವಿಷಯ ಮುಖ್ಯವಾಗುವುದು ಈ ಕಾರಣದಿಂದಲೇ.

ಪರಿಭಾಷೆ

ಮಿಂಚಂಚೆ ವಿಳಾಸದಲ್ಲಿ @ ಚಿಹ್ನೆಯ ಎಡಕ್ಕಿರುವುದು ಸ್ಥಳೀಯ ಭಾಗ, ಬಲಕ್ಕಿರುವುದು ಡೊಮೇನ್. ಪತ್ರವನ್ನು ಸರ್ವರಿನಿಂದ ಸರ್ವರಿಗೆ ಸಾಗಿಸುವ ತಂತ್ರಾಂಶಕ್ಕೆ ಅಂಚೆ ಸಾಗಣೆ ತಂತ್ರಾಂಶ ಎನ್ನಬಹುದು. ಪೋಸ್ಟ್‌ಫಿಕ್ಸ್, ಎಕ್ಸಿಮ್, ಸೆಂಡ್‌ಮೇಲ್, ಕ್ಯೂಮೇಲ್ ಈ ಬಗೆಯವು. ಪೆಟ್ಟಿಗೆಯಲ್ಲಿರುವ ಪತ್ರವನ್ನು ಬಳಕೆದಾರರಿಗೆ ಓದಲು ಒದಗಿಸುವ ತಂತ್ರಾಂಶ ಬೇರೆ; ಡವ್‌ಕಾಟ್, ಕೊರಿಯರ್, ಸೈರಸ್ ಆ ಬಗೆಯವು. ಪತ್ರ ಸಾಗುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದೂ ಪೆಟ್ಟಿಗೆ ಓದುವ ನಿಯಮಾವಳಿಗಳಿಗೆ ಐಮ್ಯಾಪ್ ಮತ್ತು ಪಾಪ್ ಎಂದೂ ಹೆಸರು. ಒಂದು ವಿಳಾಸಕ್ಕೆ ಬಂದ ಪತ್ರವನ್ನು ಮತ್ತೊಂದು ವಿಳಾಸಕ್ಕೆ ಕಳುಹಿಸುವ ಏರ್ಪಾಡನ್ನು ಅಲಿಯಾಸ್ ಎನ್ನುತ್ತಾರೆ.

ಈ ಲೇಖನದಲ್ಲಿ ಕಡತಗಳ ಮತ್ತು ನಿಯತಾಂಕಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಯಂತ್ರದಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು. ಉದಾಹರಣೆಯ ಡೊಮೇನುಗಳೆಲ್ಲ ‘ಎಕ್ಸಾಂಪಲ್’ ಎಂದು ಕೊನೆಗೊಳ್ಳುತ್ತವೆ. ಬರವಣಿಗೆಯಲ್ಲಿ ಉದಾಹರಣೆ ಕೊಡುವುದಕ್ಕೆಂದೇ ಈ ಹೆಸರನ್ನು 1999ರ ಆರ್‌ಎಫ್‌ಸಿ 2606 ಕಾಯ್ದಿರಿಸಿದೆ.

ಹಿನ್ನೆಲೆ

1971ರಲ್ಲಿ ರೇ ಟಾಮ್ಲಿನ್‌ಸನ್ ಅವರು @ ಚಿಹ್ನೆಯನ್ನು ಬಳಕೆಗೆ ತಂದಾಗ, ಅದರ ಬಲಕ್ಕಿದ್ದದ್ದು ನಿಜವಾಗಿಯೂ ಒಂದು ಯಂತ್ರದ ಹೆಸರು. ಎಡಕ್ಕಿದ್ದದ್ದು ಆ ಯಂತ್ರದಲ್ಲಿ ಖಾತೆ ಹೊಂದಿದ್ದ ವ್ಯಕ್ತಿಯ ಹೆಸರು. 1982ರಲ್ಲಿ ಜಾನ್ ಪೋಸ್ಟೆಲ್ ಅವರು ಎಸ್‌ಎಂಟಿಪಿಯನ್ನು ಆರ್‌ಎಫ್‌ಸಿ 821ರಲ್ಲಿ ವಿವರಿಸಿದಾಗಲೂ ಈ ಕಲ್ಪನೆ ಬಹುಮಟ್ಟಿಗೆ ಹಾಗೆಯೇ ಇತ್ತು. ಮುಂದೆ ಡೊಮೇನ್ ಹೆಸರಿನ ವ್ಯವಸ್ಥೆ, ಅಂದರೆ ಡಿಎನ್‌ಎಸ್, ರೂಪುಗೊಂಡಿತು. 1986ರ ಆರ್‌ಎಫ್‌ಸಿ 974 ಒಂದು ಡೊಮೇನಿನ ಪತ್ರವನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕೆಂದು ಸೂಚಿಸುವ ಎಂಎಕ್ಸ್ ದಾಖಲೆಯ ಬಳಕೆಯನ್ನು ವಿವರಿಸಿತು. ಹೆಸರು ಮತ್ತು ಯಂತ್ರ ಬೇರೆಯಾಗಲು ಇದು ದಾರಿ ಮಾಡಿತು.

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಶೈಕ್ಷಣಿಕ ಜಾಲದ ಮೊದಲ ಸಹಭಾಗಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಆರಂಭಿಸಿತು. ಡೊಮೇನ್ ಹೆಸರುಗಳನ್ನು ಕೊಳ್ಳುವವರು ಹೆಚ್ಚಿದಂತೆ ಒಂದೊಂದು ಹೆಸರಿಗೂ ಒಂದೊಂದು ಯಂತ್ರವನ್ನಿಡುವುದು ದುಬಾರಿಯಾಯಿತು. ಆದ್ದರಿಂದ ಸಾಗಣೆ ತಂತ್ರಾಂಶಗಳು ಹಲವು ಹೆಸರುಗಳನ್ನು ಏಕಕಾಲಕ್ಕೆ ನಿಭಾಯಿಸುವ ಸೌಲಭ್ಯವನ್ನು ಅಳವಡಿಸಿಕೊಂಡವು. ವೀಟ್ಸೆ ವೆನೆಮಾ ಅವರು ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್ ಈ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಾಗುತ್ತಿರುವ ತಂತ್ರಾಂಶಗಳಲ್ಲಿ ಒಂದು. 2006ರಲ್ಲಿ ಗೂಗಲ್ ತನ್ನ ‘ಗೂಗಲ್ ಆಪ್ಸ್ ಫಾರ್ ಯುವರ್ ಡೊಮೇನ್’ ಸೇವೆಯನ್ನು ತಂದ ಮೇಲೆ, ಸ್ವಂತ ಸರ್ವರ್ ಇಲ್ಲದವರೂ ಸ್ವಂತ ಡೊಮೇನಿನ ವಿಳಾಸವನ್ನು ಬಳಸುವುದು ಸುಲಭವಾಯಿತು. ಅಲ್ಲಿಯೂ ಒಳಗಿರುವ ತತ್ತ್ವ ವರ್ಚುವಲ್ ಡೊಮೇನಿನದೇ.

ವಿಧಗಳು

ಸರ್ವರ್ ತಾನು ಸ್ವೀಕರಿಸುವ ಡೊಮೇನುಗಳನ್ನು ಮುಖ್ಯವಾಗಿ ಮೂರು ವರ್ಗಗಳಾಗಿ ನೋಡುತ್ತದೆ.

ಮೊದಲನೆಯದು ಸ್ಥಳೀಯ ಡೊಮೇನ್. ಇದು ಯಂತ್ರದ ಸ್ವಂತ ಹೆಸರು. ಇಲ್ಲಿ ಪತ್ರ ಪಡೆಯುವವರು ಆ ಯಂತ್ರದ ಕಾರ್ಯಾಚರಣ ವ್ಯವಸ್ಥೆಯಲ್ಲಿ ಖಾತೆ ಹೊಂದಿರುವ ಬಳಕೆದಾರರು.

ಎರಡನೆಯದು ವರ್ಚುವಲ್ ಅಲಿಯಾಸ್ ಡೊಮೇನ್. ಇದರಲ್ಲಿ ಪೆಟ್ಟಿಗೆಗಳಿರುವುದಿಲ್ಲ. ಪ್ರತಿಯೊಂದು ವಿಳಾಸವೂ ಬೇರೆಲ್ಲಿಯೋ ಇರುವ ವಿಳಾಸವೊಂದಕ್ಕೆ ಕೈತೋರಿಸುತ್ತದೆ. ಕಾಗದದ ಪತ್ರಗಳ ಕಾಲದ ‘ಕೇರಾಫ್’ ಪದ್ಧತಿಗೆ ಇದು ಹತ್ತಿರ.

ಮೂರನೆಯದು ವರ್ಚುವಲ್ ಪೆಟ್ಟಿಗೆಯ ಡೊಮೇನ್. ಇದರಲ್ಲಿ ಪ್ರತಿ ವಿಳಾಸಕ್ಕೂ ಸ್ವಂತ ಪೆಟ್ಟಿಗೆ ಇರುತ್ತದೆ. ಆದರೆ ಪೆಟ್ಟಿಗೆಯ ಒಡೆಯರಿಗೆ ಯಂತ್ರದಲ್ಲಿ ಖಾತೆ ಇರುವುದಿಲ್ಲ. ಪತ್ರ ಓದುವ ಅಧಿಕಾರವಿದ್ದರೂ ಯಂತ್ರದೊಳಗೆ ಪ್ರವೇಶಿಸುವ ಅಧಿಕಾರ ಅವರಿಗಿಲ್ಲದ ಕಾರಣ ಇದು ಹೆಚ್ಚು ಸುರಕ್ಷಿತ.

ಹೆಸರುಗಳು ಪರಸ್ಪರ ಬೆರೆಯದಿರುವುದು ಈ ಕೊನೆಯ ಎರಡು ವರ್ಗಗಳ ಪ್ರಯೋಜನ. ಉದಾಹರಣೆಗೆ, ಮೈಸೂರು ಜಿಲ್ಲೆಯ ಹುಣಸೂರಿನ ಸರ್ವರೊಂದು ಕಟ್ಟೆಮಳಲವಾಡಿಯ ಒಂದು ಶಾಲೆ, ಒಂದು ಹಾಲು ಉತ್ಪಾದಕರ ಸಂಘ ಮತ್ತು ಪಿರಿಯಾಪಟ್ಟಣದ ಒಂದು ವಾಚನಾಲಯ ಇವುಗಳ ಪರವಾಗಿ ಪತ್ರ ಸ್ವೀಕರಿಸುತ್ತದೆಂದು ಭಾವಿಸಬಹುದು. ಮೂರರಲ್ಲೂ ಒಬ್ಬೊಬ್ಬ ಕಾರ್ಯದರ್ಶಿ ಇರುತ್ತಾರೆ. ಮೂರೂ ಡೊಮೇನುಗಳನ್ನು ಸ್ಥಳೀಯ ಡೊಮೇನುಗಳೆಂದು ಘೋಷಿಸಿದರೆ, ಯಂತ್ರದಲ್ಲಿ ‘ಕಾರ್ಯದರ್ಶಿ’ ಎಂಬ ಖಾತೆ ಒಂದೇ ಇರಲು ಸಾಧ್ಯವಾದ್ದರಿಂದ ಸಂಘದ ಕಾರ್ಯದರ್ಶಿಗೆ ಬಂದ ಪತ್ರ ಶಾಲೆಯ ಕಾರ್ಯದರ್ಶಿಯ ಪೆಟ್ಟಿಗೆ ಸೇರುತ್ತದೆ. ವರ್ಚುವಲ್ ಡೊಮೇನುಗಳಲ್ಲಿ ಸರ್ವರ್ ನೋಡುವುದು ಪೂರ್ಣ ವಿಳಾಸವನ್ನು. ಕಾರ್ಯದರ್ಶಿ@ಶಾಲೆ.ಎಕ್ಸಾಂಪಲ್ ಮತ್ತು ಕಾರ್ಯದರ್ಶಿ@ಹಾಲುಸಂಘ.ಎಕ್ಸಾಂಪಲ್ ಸಂಪೂರ್ಣವಾಗಿ ಬೇರೆ ಬೇರೆ ವಿಳಾಸಗಳಾಗುತ್ತವೆ.

ಪತ್ರದ ಹಾದಿ

ಹೊರಗಿನ ಯಾರೋ ಶಾಲೆಯ ಕಾರ್ಯದರ್ಶಿಗೆ ಪತ್ರ ಬರೆದಾಗ ಅವರ ಸರ್ವರ್ ಮೊದಲು ಡಿಎನ್‌ಎಸ್‌ನಲ್ಲಿ ಶಾಲೆ.ಎಕ್ಸಾಂಪಲ್ ಎಂಬ ಹೆಸರಿನ ಎಂಎಕ್ಸ್ ದಾಖಲೆಯನ್ನು ಕೇಳುತ್ತದೆ. ಉತ್ತರವಾಗಿ ಅಂಚೆ.ಹುಣಸೂರು.ಎಕ್ಸಾಂಪಲ್ ಎಂಬ ಯಂತ್ರದ ಹೆಸರು ಸಿಗುತ್ತದೆ. ಬಳಿಕ ಆ ಯಂತ್ರದ 25ನೆಯ ಪೋರ್ಟಿಗೆ ಸಂಪರ್ಕ ಏರ್ಪಡುತ್ತದೆ. ಪತ್ರದ ಒಡಲನ್ನು ಕಳುಹಿಸುವ ಮುನ್ನವೇ ಪಡೆಯುವವರ ವಿಳಾಸವನ್ನು ತಿಳಿಸಲಾಗುತ್ತದೆ.

ಆಗ ಸ್ವೀಕರಿಸುವ ಸರ್ವರ್ ತನಗೆ ತಾನೇ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುತ್ತದೆ. ಈ ಡೊಮೇನಿನ ಹೊಣೆ ನನ್ನದೇ? ಆ ಡೊಮೇನಿನಲ್ಲಿ ಈ ವಿಳಾಸ ಇದೆಯೇ? ಇದ್ದರೆ ಪತ್ರವನ್ನು ಯಾವ ಪೆಟ್ಟಿಗೆಯಲ್ಲಿ ಇಡಬೇಕು? ಸಂಯೋಜನೆಯ ಕೆಲಸವೆಲ್ಲವೂ ಈ ಮೂರು ಪ್ರಶ್ನೆಗಳಿಗೆ ನಿಸ್ಸಂದಿಗ್ಧವಾದ ಉತ್ತರವನ್ನು ಬರೆದಿಡುವುದೇ ಆಗಿದೆ. ಮೊದಲನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ, ಗುಪ್ತಪದ ಕೊಟ್ಟು ಬಂದ ಸ್ವಂತ ಬಳಕೆದಾರರ ಪತ್ರದ ಹೊರತು ಉಳಿದ ಪತ್ರಗಳನ್ನು ಸರ್ವರ್ ನಿರಾಕರಿಸಬೇಕು. ಎರಡನೆಯದಕ್ಕೆ ‘ಇಲ್ಲ’ ಎಂದಾದರೆ ಸಂಪರ್ಕ ಕಡಿಯುವ ಮುನ್ನವೇ ಹಾಗೆಂದು ತಿಳಿಸಬೇಕು. ಆಗ ಕಳುಹಿಸಿದವರಿಗೆ ಪತ್ರ ತಲುಪಲಿಲ್ಲವೆಂಬುದು ಕೂಡಲೇ ಗೊತ್ತಾಗುತ್ತದೆ. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದಾಗ, ತಲುಪಲಿಲ್ಲವೆಂದು ತಿಳಿಯುವುದಕ್ಕೂ ತಲುಪಿತೆಂದು ತಪ್ಪಾಗಿ ನಂಬಿಕೊಂಡಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ಪೋಸ್ಟ್‌ಫಿಕ್ಸ್‌ನಲ್ಲಿ ಸಂಯೋಜನೆ

ಪೋಸ್ಟ್‌ಫಿಕ್ಸ್‌ನ ಮುಖ್ಯ ಸಂಯೋಜನಾ ಕಡತ ಮೇನ್.ಸಿಎಫ್. ಮೇಲಿನ ಉದಾಹರಣೆಗೆ ಅದರಲ್ಲಿ ಬರೆಯಬೇಕಾದ ಮುಖ್ಯ ಸಾಲುಗಳು ಹೀಗಿರುತ್ತವೆ:

ಮೈಡೆಸ್ಟಿನೇಷನ್ = ಅಂಚೆ.ಹುಣಸೂರು.ಎಕ್ಸಾಂಪಲ್, ಲೋಕಲ್‌ಹೋಸ್ಟ್
ವರ್ಚುವಲ್_ಅಲಿಯಾಸ್_ಡೊಮೇನ್ಸ್ = ವಾಚನಾಲಯ.ಎಕ್ಸಾಂಪಲ್
ವರ್ಚುವಲ್_ಮೇಲ್‌ಬಾಕ್ಸ್_ಡೊಮೇನ್ಸ್ = ಶಾಲೆ.ಎಕ್ಸಾಂಪಲ್, ಹಾಲುಸಂಘ.ಎಕ್ಸಾಂಪಲ್
ವರ್ಚುವಲ್_ಮೇಲ್‌ಬಾಕ್ಸ್_ಬೇಸ್ = /ವಾರ್/ಮೇಲ್/ವಿಹೋಸ್ಟ್ಸ್
ವರ್ಚುವಲ್_ಮೇಲ್‌ಬಾಕ್ಸ್_ಮ್ಯಾಪ್ಸ್ = ಪೆಟ್ಟಿಗೆಗಳ ಕೋಷ್ಟಕವಿರುವ ಕಡತ
ವರ್ಚುವಲ್_ಅಲಿಯಾಸ್_ಮ್ಯಾಪ್ಸ್ = ಅಲಿಯಾಸ್‌ಗಳ ಕೋಷ್ಟಕವಿರುವ ಕಡತ
ವರ್ಚುವಲ್_ಯುಐಡಿ_ಮ್ಯಾಪ್ಸ್ = ಸ್ಟ್ಯಾಟಿಕ್:5000
ವರ್ಚುವಲ್_ಜಿಐಡಿ_ಮ್ಯಾಪ್ಸ್ = ಸ್ಟ್ಯಾಟಿಕ್:5000

ಇವುಗಳಲ್ಲಿ ಮೊದಲ ಮೂರು ಸಾಲುಗಳು ಮೊದಲ ಪ್ರಶ್ನೆಗೆ ಉತ್ತರ. ಒಂದು ಡೊಮೇನಿನ ಹೆಸರು ಈ ಮೂರರಲ್ಲಿ ಒಂದೇ ಕಡೆ ಇರಬೇಕು. ಶಾಲೆ.ಎಕ್ಸಾಂಪಲ್ ಎಂಬುದನ್ನು ಮೈಡೆಸ್ಟಿನೇಷನ್ ಸಾಲಿನಲ್ಲೂ ಸೇರಿಸಿದರೆ ಸರ್ವರ್ ಅದನ್ನು ಸ್ಥಳೀಯ ಡೊಮೇನೆಂದು ಬಗೆದು, ಯಂತ್ರದ ಖಾತೆಗಳಲ್ಲಿ ವಿಳಾಸವನ್ನು ಹುಡುಕಿ, ಸಿಗದೆ ಪತ್ರವನ್ನು ಹಿಂದಿರುಗಿಸುತ್ತದೆ. ಪೋಸ್ಟ್‌ಫಿಕ್ಸ್ ತನ್ನ ದಿನಚರಿ ಕಡತದಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೂ ಬರೆಯುತ್ತದೆ.

ಪೆಟ್ಟಿಗೆಗಳ ಕೋಷ್ಟಕದಲ್ಲಿ ಎಡಕ್ಕೆ ಪೂರ್ಣ ವಿಳಾಸವನ್ನೂ ಬಲಕ್ಕೆ ಪೆಟ್ಟಿಗೆಯ ಸ್ಥಾನವನ್ನೂ ಬರೆಯಲಾಗುತ್ತದೆ:

ಕಾರ್ಯದರ್ಶಿ@ಶಾಲೆ.ಎಕ್ಸಾಂಪಲ್    ಶಾಲೆ.ಎಕ್ಸಾಂಪಲ್/ಕಾರ್ಯದರ್ಶಿ/
ಕಾರ್ಯದರ್ಶಿ@ಹಾಲುಸಂಘ.ಎಕ್ಸಾಂಪಲ್    ಹಾಲುಸಂಘ.ಎಕ್ಸಾಂಪಲ್/ಕಾರ್ಯದರ್ಶಿ/

ಬಲಭಾಗದ ಕೊನೆಯಲ್ಲಿರುವ ಓರೆಗೆರೆ ಚಿಕ್ಕದಾದರೂ ಅರ್ಥಪೂರ್ಣ. ಅದಿದ್ದರೆ ಪ್ರತಿ ಪತ್ರವೂ ಪ್ರತ್ಯೇಕ ಕಡತವಾಗಿ ಉಳಿಯುವ ಮೇಲ್‌ಡಿರ್ ವಿಧಾನದಲ್ಲಿ ಪೆಟ್ಟಿಗೆ ರಚನೆಯಾಗುತ್ತದೆ. ಅದಿಲ್ಲದಿದ್ದರೆ ಎಲ್ಲ ಪತ್ರಗಳೂ ಒಂದೇ ಕಡತದಲ್ಲಿ ಒಂದರ ಹಿಂದೊಂದು ಸೇರುತ್ತ ಹೋಗುತ್ತವೆ. ಮೇಲ್‌ಡಿರ್ ವಿಧಾನವನ್ನು ರೂಪಿಸಿದವರು ಕ್ಯೂಮೇಲ್ ತಂತ್ರಾಂಶದ ಕರ್ತೃ ಡೇನಿಯಲ್ ಬರ್ನ್‌ಸ್ಟೀನ್.

5000 ಎಂಬುದು ಎಲ್ಲ ಪೆಟ್ಟಿಗೆಗಳ ಒಡೆತನ ಹೊಂದಿರುವ ಏಕೈಕ ಆಂತರಿಕ ಖಾತೆಯ ಸಂಖ್ಯೆ. ಇದಕ್ಕೆ ಸಾಮಾನ್ಯವಾಗಿ ‘ವಿಮೇಲ್’ ಎಂಬ ಹೆಸರಿಡುತ್ತಾರೆ. ಈ ಖಾತೆಯ ಮೂಲಕ ಯಾರೂ ಯಂತ್ರದೊಳಕ್ಕೆ ಪ್ರವೇಶಿಸಲಾಗದಂತೆ ಮಾಡಲಾಗುತ್ತದೆ. ಪೆಟ್ಟಿಗೆಗಳ ಮೂಲ ಕೋಶವೂ ಇದರ ಒಡೆತನದಲ್ಲೇ ಇರಬೇಕು. ಇಲ್ಲವಾದರೆ ಪತ್ರ ಬರೆದಿಡಲು ಅನುಮತಿಯಿಲ್ಲದೆ ಸರದಿಯಲ್ಲೇ ನಿಂತುಬಿಡುತ್ತದೆ.

ಅಲಿಯಾಸ್‌ಗಳ ಕೋಷ್ಟಕದಲ್ಲಿ ಎಡಕ್ಕೆ ಬಂದ ವಿಳಾಸ, ಬಲಕ್ಕೆ ಕಳುಹಿಸಬೇಕಾದ ವಿಳಾಸ. ಬಲಭಾಗದಲ್ಲಿ ಅಲ್ಪವಿರಾಮದಿಂದ ಬೇರ್ಪಡಿಸಿ ಹಲವು ವಿಳಾಸಗಳನ್ನು ಕೊಡಬಹುದು. ಹುದ್ದೆಯ ಹೆಸರಿನ ವಿಳಾಸಗಳಿಗೆ ಇದು ಅನುಕೂಲ. ಕಟ್ಟೆಮಳಲವಾಡಿಯಲ್ಲಿರುವ ತಂಬಾಕು ಹರಾಜು ಮಾರುಕಟ್ಟೆಯಂತಹ ಕಡೆ ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಹುದ್ದೆ ಉಳಿಯುತ್ತದೆ. ರೈತರು ಹುದ್ದೆಯ ವಿಳಾಸಕ್ಕೆ ಬರೆದರೆ, ಬಲಭಾಗವನ್ನಷ್ಟೇ ತಿದ್ದಿ ಹೊಸ ಅಧಿಕಾರಿಗೆ ಪತ್ರ ತಲುಪಿಸಬಹುದು. ವ್ಯಕ್ತಿಯ ಹೆಸರಿನ ವಿಳಾಸವನ್ನೇ ಊರಿಗೆಲ್ಲ ಹಂಚಿದ್ದರೆ ಈ ಅನುಕೂಲ ದೊರೆಯದು. ಪ್ರತಿ ಡೊಮೇನಿನಲ್ಲೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸ ಇರಲೇಬೇಕೆಂಬುದು ಎಸ್‌ಎಂಟಿಪಿಯ ನಿಯಮ. ‘ಅಬ್ಯೂಸ್’ ಎಂಬ ದೂರು ಸ್ವೀಕಾರದ ವಿಳಾಸವನ್ನು 1997ರ ಆರ್‌ಎಫ್‌ಸಿ 2142 ಸೂಚಿಸುತ್ತದೆ.

ಕೋಷ್ಟಕಗಳನ್ನು ತಿದ್ದಿದ ಬಳಿಕ ‘ಪೋಸ್ಟ್‌ಮ್ಯಾಪ್’ ಆಜ್ಞೆಯಿಂದ ಅವುಗಳನ್ನು ಯಂತ್ರ ಓದುವ ರೂಪಕ್ಕೆ ತರಬೇಕು, ಮೇನ್.ಸಿಎಫ್ ತಿದ್ದಿದ್ದರೆ ‘ಪೋಸ್ಟ್‌ಫಿಕ್ಸ್ ರಿಲೋಡ್’ ಆಜ್ಞೆ ಕೊಡಬೇಕು. ಪೋಸ್ಟ್‌ಮ್ಯಾಪ್ ಆಜ್ಞೆಯೊಂದಿಗೆ ‘-ಕ್ಯೂ’ ಸೇರಿಸಿ ಒಂದು ವಿಳಾಸವನ್ನು ಕೇಳಿದರೆ ಕೋಷ್ಟಕ ಕೊಡುವ ಉತ್ತರ ತೆರೆಯ ಮೇಲೆ ಕಾಣುತ್ತದೆ. ನಿಜವಾದ ಪತ್ರ ಬರುವ ಮುನ್ನವೇ ತಪ್ಪನ್ನು ಹಿಡಿಯಲು ಇದು ಸರಳ ಉಪಾಯ. ಡೊಮೇನುಗಳು ಹೆಚ್ಚಾದಾಗ ಕೋಷ್ಟಕಗಳನ್ನು ಕಡತಗಳ ಬದಲು ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ಇಡುವುದು ರೂಢಿ.

ಡವ್‌ಕಾಟ್‌ನ ಪಾತ್ರ

ಪೋಸ್ಟ್‌ಫಿಕ್ಸ್ ಪತ್ರವನ್ನು ತಂದು ಇಡುತ್ತದೆ. ಅದನ್ನು ಓದಿಸುವ ಕೆಲಸ ಅದರದಲ್ಲ. ಆ ಕೆಲಸಕ್ಕೆ ಟಿಮೊ ಸಿರಾಯ್ನೆನ್ ಅವರು ರೂಪಿಸಿ 2002ರಲ್ಲಿ ಮೊದಲು ಬಿಡುಗಡೆ ಮಾಡಿದ ಡವ್‌ಕಾಟ್ ಅನ್ನು ಜೊತೆಗೂಡಿಸುವುದು ಸಾಮಾನ್ಯ. ಅದಕ್ಕೆ ಎರಡು ಬಗೆಯ ಮಾಹಿತಿ ಬೇಕು: ಗುಪ್ತಪದ ಸರಿಯೇ ಎಂದು ತಿಳಿಯಲು ಒಂದು ಕೋಷ್ಟಕ, ಪೆಟ್ಟಿಗೆ ಎಲ್ಲಿದೆಯೆಂದು ತಿಳಿಯಲು ಇನ್ನೊಂದು. ಬಳಕೆದಾರರು ಪೂರ್ಣ ವಿಳಾಸವನ್ನೇ ತಮ್ಮ ಬಳಕೆ ಹೆಸರಾಗಿ ಕೊಡಬೇಕು. ಬರಿಯ ‘ಕಾರ್ಯದರ್ಶಿ’ ಎಂದರೆ ಯಾವ ಸಂಸ್ಥೆಯ ಕಾರ್ಯದರ್ಶಿಯೆಂದು ತಿಳಿಯುವುದಿಲ್ಲ. ಗುಪ್ತಪದಗಳನ್ನು ಇದ್ದಂತೆಯೇ ಬರೆದಿಡದೆ, ಮೂಲಕ್ಕೆ ಮರಳಿಸಲಾಗದ ಹ್ಯಾಶ್ ರೂಪದಲ್ಲಿ ಇಡಬೇಕು.

ಪತ್ರವನ್ನು ಪೆಟ್ಟಿಗೆಗೆ ಸೇರಿಸುವ ಕೊನೆಯ ಹಂತವನ್ನೂ ಡವ್‌ಕಾಟ್‌ಗೇ ಒಪ್ಪಿಸಬಹುದು. ಹಾಗೆ ಮಾಡಲು ವರ್ಚುವಲ್_ಟ್ರಾನ್ಸ್‌ಪೋರ್ಟ್ ಎಂಬ ನಿಯತಾಂಕದಲ್ಲಿ ಎಲ್‌ಎಂಟಿಪಿ ದಾರಿಯನ್ನು ಸೂಚಿಸಬೇಕು. ಆಗ ಪೋಸ್ಟ್‌ಫಿಕ್ಸ್‌ನ ಪೆಟ್ಟಿಗೆ ಕೋಷ್ಟಕದ ಬಲಭಾಗಕ್ಕೆ ಬೆಲೆಯಿಲ್ಲ. ವಿಳಾಸ ಅಸ್ತಿತ್ವದಲ್ಲಿದೆಯೇ ಎಂಬುದಕ್ಕೆ ಮಾತ್ರ ಆ ಕೋಷ್ಟಕ ಸಾಕ್ಷಿಯಾಗುತ್ತದೆ. ಬಳಕೆದಾರರು ಹೊರಗೆ ಕಳುಹಿಸುವ ಪತ್ರಗಳನ್ನು 587 ಅಥವಾ 465ನೆಯ ಪೋರ್ಟಿನ ಮೂಲಕ, ಗುಪ್ತಪದ ಪರಿಶೀಲಿಸಿದ ಮೇಲೆಯೇ ಸ್ವೀಕರಿಸಬೇಕು. ಓದುವ ಸಂಪರ್ಕಕ್ಕೆ ಗೂಢಲಿಪೀಕರಣವಿರುವ 993ನೆಯ ಪೋರ್ಟ್ ಬಳಕೆಯಲ್ಲಿದೆ. ಎಲ್ಲ ಡೊಮೇನುಗಳ ಎಂಎಕ್ಸ್ ದಾಖಲೆಗಳೂ ಯಂತ್ರದ ಒಂದೇ ಹೆಸರನ್ನು ಸೂಚಿಸಿ, ಬಳಕೆದಾರರೂ ಅದೇ ಹೆಸರಿನ ಮೂಲಕ ಸಂಪರ್ಕಿಸಿದರೆ, ಒಂದೇ ಭದ್ರತಾ ಪ್ರಮಾಣಪತ್ರ ಸಾಕಾಗುತ್ತದೆ.

ಇತರ ತಂತ್ರಾಂಶಗಳಲ್ಲಿ

ಸೆಂಡ್‌ಮೇಲ್‌ನಲ್ಲಿ ಈ ಕೆಲಸವನ್ನು ‘ವರ್ಟ್‌ಯೂಸರ್‌ಟೇಬಲ್’ ಎಂಬ ಕೋಷ್ಟಕ ಮಾಡುತ್ತದೆ. ಕ್ಯೂಮೇಲ್‌ನಲ್ಲಿ ಪತ್ರ ಸ್ವೀಕರಿಸಬೇಕಾದ ಡೊಮೇನನ್ನು ‘ಆರ್‌ಸಿಪಿಟಿಹೋಸ್ಟ್ಸ್’ ಕಡತದಲ್ಲೂ ಅದರ ಹೊಣೆಗಾರನನ್ನು ‘ವರ್ಚುವಲ್‌ಡೊಮೇನ್ಸ್’ ಕಡತದಲ್ಲೂ ಬರೆಯಬೇಕು; ‘ಲೋಕಲ್ಸ್’ ಕಡತದಲ್ಲಿ ಅದರ ಹೆಸರು ಇರಕೂಡದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಫಿಲಿಪ್ ಹೇಝಲ್ ಅವರು 1995ರಲ್ಲಿ ಬರೆಯಲಾರಂಭಿಸಿದ ಎಕ್ಸಿಮ್‌ನಲ್ಲಿ ‘ರೌಟರ್’ ಎಂಬ ನಿಯಮಗಳ ಸರಣಿಯಿಂದ ಇದೇ ಫಲ ದೊರೆಯುತ್ತದೆ. ಹೆಸರುಗಳು ಬೇರೆಯಾದರೂ ಸ್ಥಳೀಯ ಪಟ್ಟಿ ಮತ್ತು ವರ್ಚುವಲ್ ಪಟ್ಟಿ ಬೆರೆಯಬಾರದೆಂಬ ನಿಯಮ ಎಲ್ಲೆಡೆ ಒಂದೇ.

ಡಿಎನ್‌ಎಸ್ ದಾಖಲೆಗಳು

ಸರ್ವರಿನ ಒಳಗಿನ ಸಂಯೋಜನೆ ಎಷ್ಟೇ ಸರಿಯಿದ್ದರೂ ಹೊರಗಿನ ಲೋಕಕ್ಕೆ ಅದನ್ನು ಸಾರುವುದು ಡಿಎನ್‌ಎಸ್. ಪ್ರತಿ ವರ್ಚುವಲ್ ಡೊಮೇನಿಗೂ ಈ ಮುಂದಿನ ದಾಖಲೆಗಳು ಅಗತ್ಯ.

ಎಂಎಕ್ಸ್: ಪತ್ರ ಸ್ವೀಕರಿಸುವ ಯಂತ್ರದ ಹೆಸರು. ಇಲ್ಲಿ ಅಂಕಿಗಳ ಐಪಿ ವಿಳಾಸವನ್ನಾಗಲಿ ಮತ್ತೊಂದು ಹೆಸರಿನ ಉಪನಾಮವನ್ನಾಗಲಿ ಕೊಡಬಾರದು.

ಎಸ್‌ಪಿಎಫ್: ಈ ಡೊಮೇನಿನ ಹೆಸರಿನಲ್ಲಿ ಪತ್ರ ಕಳುಹಿಸಲು ಅಧಿಕಾರವುಳ್ಳ ಯಂತ್ರಗಳ ಪಟ್ಟಿ.

ಡಿಕಿಮ್: ಪತ್ರದ ಮೇಲಿನ ಡಿಜಿಟಲ್ ಸಹಿಯನ್ನು ಪರೀಕ್ಷಿಸಲು ಬೇಕಾದ ಸಾರ್ವಜನಿಕ ಕೀಲಿ.

ಡಿಮಾರ್ಕ್: ಮೇಲಿನ ಪರೀಕ್ಷೆಗಳಲ್ಲಿ ಪತ್ರ ವಿಫಲವಾದರೆ ಪಡೆದವರು ಏನು ಮಾಡಬೇಕೆಂಬ ಸೂಚನೆ.

ಇವಲ್ಲದೆ ಯಂತ್ರದ ಐಪಿ ವಿಳಾಸದಿಂದ ಅದರ ಹೆಸರನ್ನು ತಿಳಿಸುವ ಪಿಟಿಆರ್ ದಾಖಲೆಯೂ ಬೇಕು. ಇದನ್ನು ಸಾಮಾನ್ಯವಾಗಿ ಐಪಿ ವಿಳಾಸ ಕೊಟ್ಟ ಸೇವಾದಾರರ ಮೂಲಕವೇ ಬರೆಸಬೇಕಾಗುತ್ತದೆ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಕಳುಹಿಸುವವರ ಗುರುತಿನ ನಿಯಮಗಳನ್ನು ಬಿಗಿಗೊಳಿಸಿದ ಮೇಲೆ, ಈ ದಾಖಲೆಗಳಿಲ್ಲದ ಸಣ್ಣ ಸರ್ವರುಗಳ ಪತ್ರಗಳು ನಿರಾಕೃತವಾಗುವ ಅಥವಾ ರದ್ದಿಪತ್ರಗಳ ಪೆಟ್ಟಿಗೆಗೆ ಹೋಗುವ ಸಂಭವ ಹೆಚ್ಚಿದೆ.

ಸಾಮಾನ್ಯ ದೋಷಗಳು

ತೆರೆದ ರಿಲೇ: ಯಾರು ಬೇಕಾದರೂ ಯಾರಿಗೆ ಬೇಕಾದರೂ ಪತ್ರ ಕಳುಹಿಸಲು ಬಿಡುವ ಸರ್ವರ್. ಇದು ಅನಪೇಕ್ಷಿತ ಪತ್ರ ಕಳುಹಿಸುವವರ ಕೈಗೆ ಬಲುಬೇಗ ಸಿಕ್ಕಿ ಕಪ್ಪುಪಟ್ಟಿ ಸೇರುತ್ತದೆ. ಆಗ ಅದೇ ಯಂತ್ರವನ್ನು ನೆಚ್ಚಿಕೊಂಡ ಎಲ್ಲ ಸಂಸ್ಥೆಗಳ ಪತ್ರಗಳೂ ನಿಲ್ಲುತ್ತವೆ. ಇದನ್ನು ತಡೆಯಲು ಪೋಸ್ಟ್‌ಫಿಕ್ಸ್ 2.10ನೆಯ ಆವೃತ್ತಿಯಿಂದ ‘ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್’ ಎಂಬ ಪ್ರತ್ಯೇಕ ನಿಯತಾಂಕವಿದೆ.

ಸರ್ವಗ್ರಾಹಿ ವಿಳಾಸ: ಕೋಷ್ಟಕದಲ್ಲಿ ಎಡಕ್ಕೆ @ಶಾಲೆ.ಎಕ್ಸಾಂಪಲ್ ಎಂದಷ್ಟೇ ಬರೆದರೆ, ಆ ಡೊಮೇನಿನ ಬೇರೆ ಯಾವ ನಮೂದಿಗೂ ಹೊಂದದ ಎಲ್ಲ ಪತ್ರಗಳೂ ಅಲ್ಲಿಗೆ ಬರುತ್ತವೆ. ಕಾಗುಣಿತ ತಪ್ಪಿದ ಪತ್ರಗಳು ಕಳೆದುಹೋಗಬಾರದೆಂಬ ಸದುದ್ದೇಶದಿಂದ ಹೀಗೆ ಮಾಡುವುದುಂಟು. ಆದರೆ ಪೋಸ್ಟ್‌ಫಿಕ್ಸ್ ಪೆಟ್ಟಿಗೆ ಕೋಷ್ಟಕಕ್ಕಿಂತ ಮೊದಲು ಅಲಿಯಾಸ್ ಕೋಷ್ಟಕವನ್ನು ನೋಡುತ್ತದೆ. ಸರ್ವಗ್ರಾಹಿ ನಮೂದು ಅಲಿಯಾಸ್ ಕೋಷ್ಟಕದಲ್ಲಿದ್ದರೆ ನಿಜವಾದ ಪೆಟ್ಟಿಗೆಗಳ ಪತ್ರಗಳನ್ನೂ ಅದೇ ಸೆಳೆದುಕೊಳ್ಳುತ್ತದೆ. ಪ್ರತಿ ನಿಜ ವಿಳಾಸವನ್ನೂ ಅದೇ ವಿಳಾಸಕ್ಕೆ ಸೂಚಿಸುವ ಸಾಲುಗಳನ್ನು ಸೇರಿಸಿ ಇದನ್ನು ತಪ್ಪಿಸಬೇಕು. ಅನಪೇಕ್ಷಿತ ಪತ್ರಗಳ ಹೊರೆಯ ಕಾರಣದಿಂದ ಸರ್ವಗ್ರಾಹಿಯನ್ನೇ ಇಡದಿರುವುದು ಲೇಸು.

ಹೊರ ಸೇವೆಗಳಿಗೆ ರವಾನೆ: ಅಲಿಯಾಸ್ ಮೂಲಕ ಹೊರಗಿನ ಪೆಟ್ಟಿಗೆಗೆ ಪತ್ರ ಕಳುಹಿಸಿದಾಗ, ಮೂಲ ಬರಹಗಾರರ ಎಸ್‌ಪಿಎಫ್ ಪಟ್ಟಿಯಲ್ಲಿ ಮಧ್ಯದ ಸರ್ವರ್ ಇರುವುದಿಲ್ಲವಾದ್ದರಿಂದ ಪತ್ರ ಅನುಮಾನಕ್ಕೆ ಒಳಗಾಗುತ್ತದೆ. ಹೊದಿಕೆಯ ಮೇಲಿನ ಕಳುಹಿಸುವವರ ವಿಳಾಸವನ್ನು ಬದಲಿಸುವ ಎಸ್‌ಆರ್‌ಎಸ್ ಎಂಬ ಕ್ರಮವನ್ನು ಇದಕ್ಕಾಗಿ ಬಳಸುತ್ತಾರೆ.

ನವೀಕರಣದ ಮರೆವು: ಡೊಮೇನ್ ಹೆಸರಿನ ನೋಂದಣಿ ನಿಗದಿತ ಅವಧಿಗಷ್ಟೇ ಇರುತ್ತದೆ. ನವೀಕರಿಸದೆ ಬಿಟ್ಟ ಹೆಸರನ್ನು ಮುಂದೆ ಬೇರೆಯವರು ಕೊಳ್ಳಬಹುದು. ಆಗ ಹಳೆಯ ವಿಳಾಸಕ್ಕೆ ಬರುವ ಪತ್ರಗಳೂ, ಗುಪ್ತಪದ ಮರುಹೊಂದಿಸುವ ಸಂದೇಶಗಳೂ ಆ ಹೊಸಬರ ಪಾಲಾಗುತ್ತವೆ. ಆದ್ದರಿಂದ ನೋಂದಣಿಯು ಸರ್ವರ್ ಸಿದ್ಧಪಡಿಸಿಕೊಟ್ಟ ವ್ಯಕ್ತಿಯ ಹೆಸರಿನಲ್ಲಿ ಇರದೆ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು.

ಕನ್ನಡ ಲಿಪಿಯ ವಿಳಾಸಗಳು

ಕನ್ನಡ ಲಿಪಿಯಲ್ಲಿ ‘.ಭಾರತ’ ಎಂಬ ಮೇಲ್ಮಟ್ಟದ ಡೊಮೇನ್ ಅಸ್ತಿತ್ವದಲ್ಲಿದೆ. ಡಿಎನ್‌ಎಸ್ ಒಳಗೆ ಇಂತಹ ಹೆಸರುಗಳನ್ನು ಪ್ಯೂನಿಕೋಡ್ ಎಂಬ ಕ್ರಮದಿಂದ ರೋಮನ್ ಅಕ್ಷರ ಮತ್ತು ಅಂಕಿಗಳಾಗಿ ಪರಿವರ್ತಿಸಿ ಇಡಲಾಗುತ್ತದೆ. @ ಚಿಹ್ನೆಯ ಎಡಭಾಗಕ್ಕೆ ಇಂತಹ ಪರಿವರ್ತನೆ ಇಲ್ಲ. ಅದನ್ನು ಯೂನಿಕೋಡ್ ರೂಪದಲ್ಲೇ ಸಾಗಿಸಲು 2012ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6531 ‘ಎಸ್‌ಎಂಟಿಪಿಯುಟಿಎಫ್8’ ಎಂಬ ವಿಸ್ತರಣೆಯನ್ನು ರೂಪಿಸಿತು. ಜಿಮೇಲ್ 2014ರಲ್ಲಿ ಇಂತಹ ವಿಳಾಸಗಳೊಡನೆ ಪತ್ರವ್ಯವಹಾರಕ್ಕೆ ಅವಕಾಶ ಕೊಟ್ಟಿತು. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಇದನ್ನು ಬೆಂಬಲಿಸುತ್ತಿದೆ. ರಾಜಸ್ಥಾನ ಸರ್ಕಾರ 2017ರ ಡಿಸೆಂಬರಿನಲ್ಲಿ ದೇವನಾಗರಿ ಲಿಪಿಯ ಮಿಂಚಂಚೆ ವಿಳಾಸಗಳನ್ನು ನಾಗರಿಕರಿಗೆ ನೀಡಲಾರಂಭಿಸಿತು.

ಸ್ಥಳನಾಮಗಳ ವಿಷಯದಲ್ಲಿ ಕನ್ನಡ ಲಿಪಿಯ ವಿಳಾಸಕ್ಕೆ ವಿಶೇಷ ಪ್ರಯೋಜನವಿದೆ. ‘ಕಟ್ಟೆಮಳಲವಾಡಿ’ ಎಂಬ ಹೆಸರಿನಲ್ಲಿ ಳಕಾರವೂ ಲಕಾರವೂ ಒಂದರ ಪಕ್ಕ ಒಂದಿವೆ. ಸಾಮಾನ್ಯ ರೋಮನ್ ಬರವಣಿಗೆಯಲ್ಲಿ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಬರೆಯುವವರು ಒಂದನ್ನು ಬಿಟ್ಟುಬಿಡುವ ಸಂಭವವಿದೆ. ಒಂದಕ್ಷರ ತಪ್ಪಿದರೂ ಪತ್ರ ತಲುಪದು. ಕನ್ನಡ ಬಲ್ಲವರು ಕನ್ನಡದಲ್ಲಿ ಬರೆದಾಗ ಈ ಗೊಂದಲವಿಲ್ಲ.

ಆದರೆ ಕನ್ನಡ ಲಿಪಿಗೂ ಅದರದೇ ಎಚ್ಚರಿಕೆಗಳಿವೆ. ಸ್ಥಳೀಯ ಭಾಗದ ಗರಿಷ್ಠ ಉದ್ದ 64 ಬೈಟ್‌ಗಳು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್‌ಗಳು ಬೇಕು. ಹೀಗಾಗಿ 21 ಸಂಕೇತಗಳಿಗಷ್ಟೇ ಸ್ಥಳವಿದೆ. ವ್ಯಂಜನ, ಸ್ವರಚಿಹ್ನೆ, ಹಲಂತ ಇವೆಲ್ಲ ಬೇರೆ ಬೇರೆ ಸಂಕೇತಗಳು. ‘ಕಟ್ಟೆಮಳಲವಾಡಿ’ ಎಂಬುದರಲ್ಲಿ 12 ಸಂಕೇತಗಳಿದ್ದು, ಅದು 36 ಬೈಟ್‌ಗಳಾಗುತ್ತದೆ. ಅಲ್ಲದೆ ‘ಕೋ’ದಲ್ಲಿರುವ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳ ಜೋಡಣೆಯಾಗಿಯೂ ಬರೆಯಲು ಸಾಧ್ಯ. ಪದದ ಕೊನೆಯಲ್ಲಿ ಉಳಿದುಬಿಟ್ಟ ಶೂನ್ಯ ಅಗಲದ ಸಂಕೇತವೂ ಕಣ್ಣಿಗೆ ಕಾಣುವುದಿಲ್ಲ. ನೋಡಲು ಒಂದೇ ಆಗಿರುವ ಎರಡು ವಿಳಾಸಗಳು ಯಂತ್ರಕ್ಕೆ ಬೇರೆಯಾಗಿ ತೋರುತ್ತವೆ. ಆದುದರಿಂದ ಕೋಷ್ಟಕದಲ್ಲಿ ನಮೂದಿಸುವಾಗಲೇ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪವನ್ನು ಬಳಸುವುದು ಉಚಿತ. ಡೊಮೇನುಗಳ ಪಟ್ಟಿಯಲ್ಲಿ ಕನ್ನಡ ರೂಪ ಮತ್ತು ಪ್ಯೂನಿಕೋಡ್ ರೂಪ ಎರಡನ್ನೂ ಬರೆಯುವುದು ಸುರಕ್ಷಿತ. ಎಸ್‌ಎಂಟಿಪಿಯುಟಿಎಫ್8 ಬೆಂಬಲವಿಲ್ಲದ ಸರ್ವರುಗಳು ಇನ್ನೂ ಇರುವುದರಿಂದ, ಪ್ರತಿ ಕನ್ನಡ ವಿಳಾಸಕ್ಕೂ ಜೊತೆಗೊಂದು ರೋಮನ್ ವಿಳಾಸವನ್ನು ಇಟ್ಟು, ಅಲಿಯಾಸ್ ಮೂಲಕ ಎರಡನ್ನೂ ಒಂದೇ ಪೆಟ್ಟಿಗೆಗೆ ಸೇರಿಸಬೇಕು.

ಹೆಸರಿನ ಬದಲಾವಣೆ ಮತ್ತು ವಿಳಾಸದ ಬಾಳಿಕೆ

ಸಂಸ್ಥೆಗಳ ಡೊಮೇನ್ ಹೆಸರುಗಳು ಕಾಲಕ್ರಮದಲ್ಲಿ ಬದಲಾಗುವುದಕ್ಕೆ ಕರ್ನಾಟಕದಲ್ಲಿ ಸ್ಪಷ್ಟ ನಿದರ್ಶನಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಳಾಸಗಳು ಬಹುಕಾಲ ಐಐಎಸ್‌ಸಿ.ಅರ್ನೆಟ್.ಇನ್ ಎಂಬ ಡೊಮೇನಿನಲ್ಲಿದ್ದು, ಬಳಿಕ ಐಐಎಸ್‌ಸಿ.ಎಸಿ.ಇನ್ ಎಂದಾದವು. ಹಳೆಯ ಸಂಶೋಧನ ಪ್ರಬಂಧಗಳಲ್ಲಿ ಮೊದಲ ರೂಪವೇ ಅಚ್ಚಾಗಿದೆ. ರಾಜ್ಯ ಸರ್ಕಾರದ ಹಲವು ಇಲಾಖೆಗಳ ಜಾಲತಾಣಗಳು ಕೆಎಆರ್.ಎನ್‌ಐಸಿ.ಇನ್ ಎಂಬ ಹೆಸರಿನಿಂದ ಕರ್ನಾಟಕ.ಜಿಒವಿ.ಇನ್ ಎಂಬ ಹೆಸರಿಗೆ ಬಂದವು. 2014ರ ನವೆಂಬರ್ 1ರಂದು ಮೈಸೂರು ಸೇರಿದಂತೆ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಮೈಸೂರು ವಿಶ್ವವಿದ್ಯಾನಿಲಯದ ಡೊಮೇನಿನಲ್ಲಿ ಮಾತ್ರ ಹಳೆಯ ಇಂಗ್ಲಿಷ್ ಕಾಗುಣಿತವೇ ಉಳಿದಿದೆ.

ಅಚ್ಚಾದ ವಿಳಾಸವನ್ನು ಹಿಂದಕ್ಕೆ ಪಡೆಯಲಾಗದು. ಹೆಸರು ಬದಲಿಸಿದ ಸಂಸ್ಥೆಯು ಹಳೆಯ ಡೊಮೇನಿನ ನೋಂದಣಿಯನ್ನು ಉಳಿಸಿಕೊಂಡು, ಅದನ್ನು ವರ್ಚುವಲ್ ಅಲಿಯಾಸ್ ಡೊಮೇನಾಗಿ ಇರಿಸಿಕೊಂಡರೆ ಹಳೆಯ ವಿಳಾಸಕ್ಕೆ ಬರೆದವರ ಪತ್ರಗಳೂ ತಲುಪುತ್ತವೆ. ಯಂತ್ರ ಬದಲಾದರೂ ಹೆಸರು ಉಳಿಯುವುದಕ್ಕೆ ಭಾರತ ಸರ್ಕಾರದ ಮಿಂಚಂಚೆ ಸೇವೆಯೇ ದೊಡ್ಡ ಉದಾಹರಣೆ. ರಾಷ್ಟ್ರೀಯ ಮಾಹಿತಿ ಕೇಂದ್ರದ ಸರ್ವರುಗಳಲ್ಲಿದ್ದ ಸರ್ಕಾರಿ ಪೆಟ್ಟಿಗೆಗಳು 2020ರ ದಶಕದಲ್ಲಿ ಜೋಹೋ ಸಂಸ್ಥೆಯ ವೇದಿಕೆಗೆ ಸ್ಥಳಾಂತರಗೊಂಡವು, ಜಿಒವಿ.ಇನ್ ಮತ್ತು ಎನ್‌ಐಸಿ.ಇನ್ ವಿಳಾಸಗಳು ಮುಂದುವರಿದವು.

ಸ್ವಂತ ಸರ್ವರ್ ಮತ್ತು ಬಾಡಿಗೆ ಸೇವೆ

ವರ್ಚುವಲ್ ಡೊಮೇನ್ ಹೊಂದಲು ಸರ್ವರ್ ಅದೇ ಊರಿನಲ್ಲಿರಬೇಕಾಗಿಲ್ಲ. ಮನೆ ಅಥವಾ ಕಚೇರಿಯ ಸಾಮಾನ್ಯ ಅಂತರ್ಜಾಲ ಸಂಪರ್ಕ ಇದಕ್ಕೆ ಹೊಂದುವುದೂ ಇಲ್ಲ. ಅಲ್ಲಿ ಐಪಿ ವಿಳಾಸ ಆಗಾಗ ಬದಲಾಗುತ್ತದೆ, ಪಿಟಿಆರ್ ದಾಖಲೆ ಬರೆಸುವುದು ಕಷ್ಟ, 25ನೆಯ ಪೋರ್ಟನ್ನು ಸೇವಾದಾರರು ಮುಚ್ಚಿರುವುದುಂಟು. ಆದ್ದರಿಂದ ದತ್ತಕೇಂದ್ರದಲ್ಲಿ ಬಾಡಿಗೆಗೆ ಪಡೆದ ಯಂತ್ರದಲ್ಲಿ ತಂತ್ರಾಂಶ ಸ್ಥಾಪಿಸುವುದು ಅಥವಾ ಸಿದ್ಧ ಸೇವೆಯೊಂದನ್ನು ಪಡೆಯುವುದು ರೂಢಿ.

ಸ್ವಂತ ಸರ್ವರಿನಲ್ಲಿ ಪೆಟ್ಟಿಗೆಗಳ ಸಂಖ್ಯೆಗೆ ಶುಲ್ಕವಿಲ್ಲ, ಪತ್ರಗಳು ಸಂಸ್ಥೆಯ ಹಿಡಿತದಲ್ಲೇ ಇರುತ್ತವೆ. ಆದರೆ ಭದ್ರತಾ ಪರಿಷ್ಕರಣೆ, ಪ್ರತಿ ತೆಗೆದಿಡುವುದು, ದಿನಚರಿ ಕಡತದ ಪರಿಶೀಲನೆ ಇವುಗಳಿಗೆ ಸದಾ ಒಬ್ಬರು ಹೊಣೆಗಾರರು ಬೇಕು. ಹಲವು ಸಂಸ್ಥೆಗಳು ಒಂದೇ ಯಂತ್ರವನ್ನು ನೆಚ್ಚಿಕೊಂಡಾಗ ಒಬ್ಬರ ದುರ್ಬಲ ಗುಪ್ತಪದವೂ ಎಲ್ಲರಿಗೂ ತೊಂದರೆ ತರಬಲ್ಲದು. ಅಂತಹ ಹೊಣೆಗಾರರು ಇಲ್ಲದ ಕಡೆ ಬಾಡಿಗೆ ಸೇವೆಯೇ ಸೂಕ್ತ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಡೊಮೇನ್ ಹೆಸರು ಸಂಸ್ಥೆಯ ಸ್ವಂತದ್ದಾಗಿದ್ದರೆ, ಮುಂದೆ ಎಂಎಕ್ಸ್ ದಾಖಲೆಯನ್ನು ತಿದ್ದಿ, ಹಳೆಯ ಪತ್ರಗಳನ್ನು ನಕಲು ಮಾಡಿಕೊಂಡು, ವಿಳಾಸ ಬದಲಿಸದೆ ಬೇರೆ ವ್ಯವಸ್ಥೆಗೆ ಹೋಗಬಹುದು.